ಡಿಜೆ ಬಂದ್ ಆಯ್ತು, ಓಲಗದವರನ್ನ ಕರೀರಿ ಅಂದ್ರು. ಊದೋ ಮಕ್ಕಳು ಯಾರ ಮನೆಯವರು?

2025ರ ಆಗಸ್ಟ್ ತಿಂಗಳ ಒಂದು ಭಾನುವಾರ. ಸಮುದಾಯ ಭವನದ ನೆಲದ ಮೇಲೆ ಕೂತು ಕ್ಲಾರಿನೆಟ್ಟಿನ ರೀಡ್ ಒಂದನ್ನ ಮರಳು ಕಾಗದಕ್ಕೆ ಉಜ್ಜುತ್ತಿದ್ದೆ. ಸುತ್ತ ಮಕ್ಕಳು, ಒಬ್ಬೊಬ್ಬರದೂ ಒಂದೊಂದು ಶ್ರುತಿ. ಆಗ ಫೋನ್ ಬಂತು. ನಮ್ಮೂರಿನ ಒಂದು ಗಣೇಶೋತ್ಸವ ಸಮಿತಿಯವರು.

"ಏನಪ್ಪಾ, ಈ ಸಲ ಡಿಜೆಗೆ ಪರ್ಮಿಷನ್ ಇಲ್ಲ ಅಂತಾವ್ರೆ. ನಿಮ್ ಹುಡುಗ್ರು ಓಲಗ ಊದ್ತಾರಲ್ಲ, ಮೆರವಣಿಗೆಗೆ ಕಳ್ಸಿ. ದುಡ್ಡಿಗೇನೂ ಯೋಚ್ನೆ ಮಾಡ್ಬೇಡಿ. ನಮ್ ಸಂಸ್ಕೃತಿ ಉಳೀಬೇಕಲ್ವಾ?"

ಆ ವರ್ಷ ದಾವಣಗೆರೆ, ಚಿತ್ರದುರ್ಗ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಗಣೇಶನ ಮೆರವಣಿಗೆಗೆ ಡಿಜೆ ನಿಷೇಧ ಆಗಿತ್ತು. ಪರ-ವಿರೋಧ ಎರಡೂ ಜೋರಾಗಿತ್ತು. ನಿಷೇಧದ ಪರ ಇದ್ದವರ ಬಾಯಲ್ಲಿ ಪದೇ ಪದೇ ಬಂದ ಮಾತು ಇದೇ: ಡಿಜೆ ಬೇಡ, ನಮ್ಮ ದೇಸಿ ವಾದ್ಯ ಇರಲಿ. ಡೊಳ್ಳು ಇರಲಿ, ತಮಟೆ ಇರಲಿ, ನಾದಸ್ವರ ಇರಲಿ. ಕೇಳೋಕೆ ಚೆನ್ನಾಗಿದೆ. ಆದರೆ ಆ ವಾದ್ಯಗಳು ಅಂಗಡಿಯಲ್ಲಿ ಬಾಡಿಗೆಗೆ ಸಿಗೋ ಬಾಕ್ಸುಗಳಲ್ಲ. ಅವುಗಳ ಹಿಂದೆ ಮನುಷ್ಯರಿದ್ದಾರೆ, ಆ ಮನುಷ್ಯರಿಗೆ ಒಂದು ಕೇರಿ ಇದೆ, ಆ ಕೇರಿಯಿಂದ ಹೊರಗೆ ಬರೋಕೆ ಅವರು ಎರಡು ತಲೆಮಾರು ಒದ್ದಾಡಿದ್ದಾರೆ. ಈ ಚರ್ಚೆಯಲ್ಲಿ ಆ ಭಾಗವೇ ಕಾಣೆಯಾಗಿತ್ತು. ಅದಕ್ಕೇ ಇದನ್ನ ಬರೀತಿದ್ದೀನಿ.

ನಮ್ಮದು ತುಮಕೂರು ಕಡೆಯ ಒಂದು ತಾಲ್ಲೂಕು ಕೇಂದ್ರ. ನಾವು ಕೊರಮರು. ತಾತ ಬುಟ್ಟಿ ಹೆಣೀತಿದ್ದರು, ಮದುವೆ ಸೀಸನ್ನಿನಲ್ಲಿ ಓಲಗ ಊದ್ತಿದ್ದರು. ಅಪ್ಪ ಎರಡನ್ನೂ ಬಿಟ್ಟು ಬಸ್ ಕಂಡಕ್ಟರ್ ಆದರು. ನಾನು ಕಾಲೇಜು ದಿನಗಳಲ್ಲಿ ಒಂದು ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಹಿಡಿದೆ, ಬಿಡೋಕಾಗಲಿಲ್ಲ. ಈಗ ವಾರದ ಆರು ದಿನ ಬೇರೆ ಕೆಲಸ, ಭಾನುವಾರ ಈ ಮಕ್ಕಳು. ಹನ್ನೆರಡು ಜನ ಊದುವವರು: ಐದು ಕ್ಲಾರಿನೆಟ್, ಎರಡು ಆಲ್ಟೊ ಸ್ಯಾಕ್ಸೊಫೋನ್, ಮೂರು ಕೊಳಲು, ಒಂದು ಮುಖವೀಣೆ, ಒಂದು ನಾದಸ್ವರ. ಜೊತೆಗೆ ಇಬ್ಬರು ಡೋಲಿನವರು. ಚಿಕ್ಕವನಿಗೆ 12 ವರ್ಷ, ದೊಡ್ಡವಳಿಗೆ 22. ವಾದ್ಯಗಳಲ್ಲಿ ಹೆಚ್ಚಿನವು ಮುಚ್ಚಿಹೋದ ಬ್ಯಾಂಡ್ ಸೆಟ್ಟುಗಳಿಂದ ಕೊಂಡ ಹಳೇ ಮಾಲು. ಅರ್ಧ ಮಕ್ಕಳು ಓಲಗದ ಮನೆಗಳವರು. ಇನ್ನರ್ಧ ಯಾರ್ಯಾರೋ: ಬ್ಯಾಂಕ್ ನೌಕರರ ಮಗಳು, ಹೋಟೆಲ್ ಇಟ್ಟವರ ಮಗ, ಗಾರ್ಮೆಂಟ್ಸಿಗೆ ಹೋಗುವವರ ಮಕ್ಕಳು. ಇವರಿಗಾಗಿ ನಾನು ಸಂಗೀತ ಬರೀತೀನಿ, ಇವರ ಜೊತೆ ಕೂತು ಊದ್ತೀನಿ.

ಮೋಹನ ರಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದು

ಇಂಥ ಗುಂಪಿಗೆ ಸಂಗೀತ ಬರೆಯೋದು ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ರಾಜಕೀಯಕ್ಕೆ ಆಮೇಲೆ ಬರೋಣ. ಅದೂ ಇದರೊಳಗೇ ಇದೆ.

ಮೊದಲ ಸಲ ನಾನು ಮೋಹನ ಆರಿಸಿಕೊಂಡೆ. ಐದೇ ಸ್ವರ, ಸ ರಿ ಗ ಪ ದ. ಹೊಸಬರಿಗೆ ಸುಲಭ ಅನ್ನೋ ಲೆಕ್ಕ. ಲೆಕ್ಕ ತಪ್ಪಿತು. ನಾದಸ್ವರಕ್ಕೆ ಶ್ರುತಿ ಬದಲಾಯಿಸೋ ಕೀಲಿ ಇಲ್ಲ. ಮರ ಕೊರೆಯುವಾಗಲೇ ಅದರ ಶ್ರುತಿ ತೀರ್ಮಾನ ಆಗಿರುತ್ತೆ. ನಮ್ಮ ಹುಡುಗನ ಹತ್ತಿರ ಇದ್ದದ್ದು ಎರಡು ಮನೆ ಶ್ರುತಿಯ ನಾದಸ್ವರ, ಅಂದರೆ ಅದರ ಷಡ್ಜ ಹಾರ್ಮೋನಿಯಂನ ಡಿ. ನಮ್ಮ ಕ್ಲಾರಿನೆಟ್ಟುಗಳು ಬಿ ಫ್ಲ್ಯಾಟ್ ವಾದ್ಯಗಳು. ಆ ಡಿ ನುಡಿಯಬೇಕಾದರೆ ಬೆರಳು ಈ ಸ್ವರದ ಮೇಲಿರಬೇಕು. ಆಲ್ಟೊ ಸ್ಯಾಕ್ಸೊಫೋನಿಗೆ ಅದು ಬಿ. ಅಲ್ಲಿಂದ ಮೋಹನದ ಐದು ಸ್ವರ ಹತ್ತಿ ನೋಡಿ, ದಾರಿಯುದ್ದಕ್ಕೂ ಶಾರ್ಪುಗಳು, ಕಿರುಬೆರಳಿನ ಕೀಲಿಗಳು. ಒಂದು ವರ್ಷ ಕಲಿತ ಹುಡುಗಿಯ ಕೈಗೆ ಅದು ಮುಳ್ಳಿನ ದಾರಿ. ಹಾಡುವವರಿಗೆ ಎಲ್ಲಕ್ಕಿಂತ ಸಲೀಸಾದ ರಾಗ ಊದುವವರಿಗೆ ಹಿಂಸೆಯಾಯ್ತು.

ಮೂರು ತಿಂಗಳು ಒದ್ದಾಡಿದೆವು. ನಾದಸ್ವರ ಬಿಟ್ಟು ಉಳಿದವರಿಗೇ ಬರೆದುಬಿಡೋಣ ಅಂತಲೂ ಯೋಚಿಸಿದೆ. ಒಂದು ದಿನ ಆ ನಾದಸ್ವರದ ಹುಡುಗ ಹೇಳಿದ: "ಅಣ್ಣ, ಅಪ್ಪಂದು ಇನ್ನೊಂದೈತೆ. ಅಟ್ಟದ್ ಮ್ಯಾಲೈತೆ. ಇದ್ಕಿಂತ ಒಂಚೂರು ಏರು."

ಅದು ಎರಡೂವರೆ ಮನೆ. ಅಂದರೆ ಇ ಫ್ಲ್ಯಾಟ್. ಈಗ ಲೆಕ್ಕ ಮಾಡಿ: ಕ್ಲಾರಿನೆಟ್ಟಿನ ಬೆರಳು ಎಫ್ ಮೇಲೆ, ಸ್ಯಾಕ್ಸೊಫೋನಿನ ಬೆರಳು ಸಿ ಮೇಲೆ. ಮೋಹನದ ಐದೂ ಸ್ವರ ಒಂದೇ ಒಂದು ಶಾರ್ಪ್ ಇಲ್ಲದೆ ಸರಾಗ. ಎರಡೂವರೆ ಮನೆಯ ಬಿದಿರಿನ ಕೊಳಲು ಅಂಗಡಿಯಲ್ಲೇ ಸಿಗುತ್ತೆ. ಅಟ್ಟದ ಮೇಲೆ ಬಟ್ಟೆ ಸುತ್ತಿಟ್ಟಿದ್ದ ಒಂದು ಮರದ ತುಂಡಿಂದ ಹನ್ನೆರಡು ಜನರ ಶ್ರುತಿ ಕೂಡಿತು. ಆ ತುಂಡಿನ ಯಜಮಾನ ಮಾತ್ರ ಅದನ್ನು ಊದೋದು ನಿಲ್ಲಿಸಿ ಹದಿನೈದು ವರ್ಷ ಆಗಿತ್ತು.

ಇನ್ನೊಂದು ತೊಂದರೆ ಸದ್ದಿನದು. ಒಂದು ನಾದಸ್ವರ ನಾಲ್ಕು ಕ್ಲಾರಿನೆಟ್ಟುಗಳನ್ನ ನುಂಗಿ ನೀರು ಕುಡಿಯುತ್ತೆ. ಅದು ಬಯಲಿಗೆ, ಬೀದಿಗೆ ಅಂತ ಹುಟ್ಟಿದ ದನಿ. ಮೈಕ್ ಇಟ್ಟು ಸರಿ ಮಾಡೋದು ನನಗಿಷ್ಟ ಇಲ್ಲ. ಹಾಗಾಗಿ ಬರೆಯೋ ಕ್ರಮ ಬದಲಾಯಿಸಿದೆ. ಕ್ಲಾರಿನೆಟ್ಟುಗಳು ಕೆಳಗಿನ ಸ್ಥಾಯಿಯಲ್ಲಿ ಹಾಸು ಹಾಸುತ್ತವೆ, ಹಿಂದಿನ ಕಾಲದ ಒತ್ತು ಊದುವವರ ಕೆಲಸ ಅದು. ಕೊಳಲುಗಳು ಮಾತು ಶುರು ಮಾಡ್ತವೆ. ನಾದಸ್ವರ ಮೊದಲ ನಾಲ್ಕು ನಿಮಿಷ ಸುಮ್ಮನಿರುತ್ತೆ, ಆಮೇಲೆ ಎಲ್ಲರ ಹಿಂದಿನಿಂದ, ಬಾಗಿಲ ಹತ್ತಿರದಿಂದ ಬರುತ್ತೆ. ಒಟ್ಟು ಹನ್ನೊಂದು ನಿಮಿಷ. ನಾದಸ್ವರದ ಭಾಗವನ್ನ ನಾನು ಪೂರ್ತಿ ಬರೆಯೋದೂ ಇಲ್ಲ. ಆರಂಭದ ಸ್ವರ, ಕೊನೆಯ ಸ್ವರ, ನಡುವೆ ಎಷ್ಟು ಆವರ್ತನ ಅಂತಷ್ಟೇ. ಗಮಕ ಬರೆಯೋಕೆ ಹೋದರೆ ಅದು ಸತ್ತ ಚಿಟ್ಟೆ ಥರ ಕಾಗದಕ್ಕೆ ಅಂಟಿಕೊಳ್ಳುತ್ತೆ. ಉಳಿದವರಿಗೆ ಕನ್ನಡದಲ್ಲೇ ಸ ರಿ ಗ ಬರೆದುಕೊಡ್ತೀನಿ, ಪಕ್ಕದಲ್ಲಿ ಅವರವರ ವಾದ್ಯದ ಷಡ್ಜ ಎಲ್ಲಿ ಅಂತ ಒಂದು ಸಾಲು.

ಎಂಜಲಿನ ಪ್ರಶ್ನೆ

ಬ್ಯಾಂಕ್ ನೌಕರರ ಮಗಳು ಕ್ಲಾರಿನೆಟ್ ಚೆನ್ನಾಗಿ ಊದ್ತಾಳೆ. ಒಂದು ಭಾನುವಾರ ನಾದಸ್ವರದ ಕಡೆ ಕೈ ಚಾಚಿ, "ನಾನೊಂದ್ಸಲ ಟ್ರೈ ಮಾಡ್ಲಾ?" ಅಂದಳು. ಹುಡುಗ ಸೀವಾಳಿಯನ್ನ ತನ್ನ ಅಂಗಿಗೆ ಒರೆಸಿದ. ಕೊಡೋಕೆ ಹೋದವನು ನಿಂತ. ನನ್ನ ಮುಖ ನೋಡಿದ. ಆಮೇಲೆ ತನ್ನ ಪೆಟ್ಟಿಗೆಯಿಂದ ಬಳಸದ ಹೊಸ ಸೀವಾಳಿ ತೆಗೆದು ಸಿಕ್ಕಿಸಿ ಕೊಟ್ಟ. ಅವಳು ಊದಿದಳು, ಮೊದಲ ಸಲ ಎಲ್ಲರಿಗೂ ಬರೋ ಹಾಗೆ ಬರೀ ಗಾಳಿ, ಎಲ್ಲರೂ ನಕ್ಕರು. ಮುಂದಿನ ವಾರ ಅವರಮ್ಮ ಬಂದು ನನ್ನನ್ನ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ್ದು ಇಷ್ಟೇ: "ಸರ್, ಆ ಹುಡುಗನ ಪೀಪೀನೇ ಇವಳ ಬಾಯಿಗೂ ಇಟ್ಕೊಳ್ತಾಳಾ?"

ಇಲ್ಲಿ ನಾನು ಪ್ರಾಮಾಣಿಕವಾಗಿರಬೇಕು. ರೀಡ್ ಹಂಚಿಕೊಳ್ಳಬಾರದು ಅನ್ನೋದು ನನ್ನದೇ ನಿಯಮ. ಕೋವಿಡ್ ನೋಡಿದ ಯಾರೂ ಹಾಗೆ ಮಾಡಲ್ಲ. ಆ ತಾಯಿ ಕೇಳಿದ್ದರಲ್ಲಿ ತಪ್ಪು ಹುಡುಕೋದು ಕಷ್ಟ. ಆದರೆ ಅದೇ ಮಗಳು ಪಕ್ಕದ ಹೋಟೆಲ್ ಹುಡುಗನ ಕ್ಲಾರಿನೆಟ್ ತಗೊಂಡು ಊದಿದ ದಿನ ಯಾರೂ ನನ್ನನ್ನ ಪಕ್ಕಕ್ಕೆ ಕರೆದಿರಲಿಲ್ಲ.

ನಮ್ಮ ಸಂಗೀತದ ಜಾತಿ ಲೆಕ್ಕಾಚಾರದಲ್ಲಿ ಚರ್ಮದ ಬಗ್ಗೆ ಈಗೀಗ ಮಾತಾಗ್ತಿದೆ. ಟಿ.ಎಂ. ಕೃಷ್ಣ ಅವರು ಮೃದಂಗ ತಯಾರಿಸುವವರ ಬಗ್ಗೆ 2020ರಲ್ಲಿ ಪುಸ್ತಕ ಬರೆದ ಮೇಲೆ, ವೇದಿಕೆಯ ಮೇಲಿನ ಮೃದಂಗಕ್ಕೆ ಹಸುವಿನ ಚರ್ಮ ಹದ ಮಾಡಿದ ಕೈಗಳು ಯಾರವು ಅಂತ ಕೆಲವರಾದರೂ ಕೇಳಿದರು. ಎಂಜಲಿನ ಬಗ್ಗೆ ಅಷ್ಟು ಮಾತಾಗಿಲ್ಲ. ನಾದಸ್ವರ, ಶಹನಾಯಿ, ಮುಖವೀಣೆ ಇವೆಲ್ಲ ನಾಲಿಗೆಯ ತೇವದಿಂದ ನುಡಿಯುವ ವಾದ್ಯಗಳು. ರೀಡ್ ಒಣಗಿದ್ದರೆ ದನಿಯೇ ಬರಲ್ಲ. ವೀಣೆ, ಪಿಟೀಲು ಒಂದು ಕಡೆ, ಬಾಯೊಳಗಿಟ್ಟು ಊದೋ ವಾದ್ಯಗಳು ಇನ್ನೊಂದು ಕಡೆ ಅಂತ ಹಂಚಿಕೆಯಾದದ್ದರಲ್ಲಿ ಈ ತೇವದ ಪಾಲು ದೊಡ್ಡದು ಅನ್ನೋದು ನನ್ನ ಅಂದಾಜು. ಕೊಳಲು ಪಾರಾಯ್ತು. ಅದು ತುಟಿ ತಾಗುತ್ತೆ, ಬಾಯೊಳಗೆ ಹೋಗಲ್ಲ. ಮೇಲಾಗಿ ಅದಕ್ಕೆ ಕೃಷ್ಣನ ಶಿಫಾರಸು ಇದೆ!

ವಿಚಿತ್ರ ನೋಡಿ, ಇದಕ್ಕೇ ಮಂಗಳವಾದ್ಯ ಅಂತ ಹೆಸರು. ತಾಳಿ ಕಟ್ಟೋ ಗಳಿಗೆಗೆ ಇದು ಬೇಕೇ ಬೇಕು. 'ಓಲಗ' ಅನ್ನೋ ಪದವನ್ನೇ ತಗೊಳ್ಳಿ. ಹಳಗನ್ನಡದಲ್ಲಿ ಅದು ರಾಜನ ಸಭೆ, ಯಕ್ಷಗಾನದಲ್ಲಿ ಈಗಲೂ ಒಡ್ಡೋಲಗ ಅಂತೀವಿ. ಅದಕ್ಕೆ ಸೇವೆ ಅನ್ನೋ ಅರ್ಥವೂ ಇದೆ. ಸಭೆ ಒಬ್ಬರಿಗೆ ಉಳೀತು, ಸೇವೆ ಇನ್ನೊಬ್ಬರಿಗೆ. ನಾನು ಎಂಟು ವರ್ಷದವನಿದ್ದಾಗ ತಾತನ ಜೊತೆ ಒಂದು ಮದುವೆಗೆ ಹೋಗಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಶುರು ಮಾಡಿದವರು ಮಧ್ಯಾಹ್ನ ಎರಡರವರೆಗೆ ಊದಿದರು. ಕೊನೆಯ ಪಂಕ್ತಿ ಎದ್ದ ಮೇಲೆ ಚಪ್ಪರದ ಆಚೆ ಎಲೆ ಹಾಕಿದರು. ಪಾಯಸ ಮುಗಿದಿತ್ತು. ತಾತ ಏನೂ ಅನ್ನಲಿಲ್ಲ. ಅಪ್ಪ ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕಿದ್ದು ಯಾಕೆ ಅಂತ ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ವಾದ್ಯ ಬದಲಾದರೆ ಇದು ಬದಲಾಗುತ್ತಾ? ಕರಾವಳಿಯಲ್ಲಿ ಒಂದು ಮಟ್ಟಿಗೆ ಆಯ್ತು. ನಾದಸ್ವರ ವಿದ್ವಾಂಸರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥ್ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು, ಆ ವಿದೇಶಿ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸೋಕೆ ವರ್ಷಗಟ್ಟಲೆ ಹೆಣಗಿದರು, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ವೇದಿಕೆ ಹತ್ತಿದರು. ಇವತ್ತು ಮಂಗಳೂರು, ಉಡುಪಿ ಕಡೆಯ ಮದುವೆ, ದೇವಸ್ಥಾನಗಳಲ್ಲಿ ನಾದಸ್ವರದ ಜಾಗದಲ್ಲಿ ಸ್ಯಾಕ್ಸೊಫೋನ್ ಕೂತಿದೆ, ಹೆಣ್ಣುಮಕ್ಕಳೂ ಊದ್ತಾರೆ. ಈ ಕಡೆ ರಾಯಚೂರಿನಲ್ಲಿ ಪಂಡಿತ್ ನರಸಿಂಹಲು ವಡವಾಟಿ ಬ್ಯಾಂಡ್ ಸೆಟ್ಟಿನ ಕ್ಲಾರಿನೆಟ್ಟಿಗೆ ಹಿಂದೂಸ್ತಾನಿ ಖ್ಯಾಲ್ ಕಲಿಸಿದರು. ಎರಡೂ ರೀಡ್ ವಾದ್ಯಗಳೇ, ಎರಡರಲ್ಲೂ ಎಂಜಲಿದೆ. ಆದರೆ ಹಿತ್ತಾಳೆಯ ಹೊಳಪು, ಕೀಲಿಗಳ ಸಾಲು, ವಿದೇಶದ ಹೆಸರು ಎಲ್ಲ ಸೇರಿ ಆ ಎಂಜಲನ್ನ ಮರೆಮಾಚಿದವು. ನಮ್ಮ ಗುಂಪಿನಲ್ಲೂ ಅಷ್ಟೇ. ಕ್ಲಾರಿನೆಟ್ ಕಲೀತೀನಿ ಅಂತ ಬರೋ ಮಕ್ಕಳಿಗೆ ಕೊರತೆಯಿಲ್ಲ. ನಾದಸ್ವರ ಕಲೀತೀನಿ ಅಂತ ಓಲಗದ ಮನೆಯ ಹೊರಗಿಂದ ಬಂದವರು ಈವರೆಗೆ ಸೊನ್ನೆ.

ಡಿಜೆ ಮೇಲೆ ನನಗೆ ಕೋಪವಿಲ್ಲ

ಶಬ್ದ ಮಾಲಿನ್ಯದ ಬಗ್ಗೆ 2000ನೇ ಇಸವಿಯ ನಿಯಮಗಳಿವೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಎದೆಗೂಡು ನಡುಗಿಸೋ ಬೇಸ್ ಬಾಕ್ಸುಗಳಿಗೆ ಕಡಿವಾಣ ಬೇಕು ಅನ್ನೋದರಲ್ಲಿ ನನ್ನ ತಕರಾರಿಲ್ಲ. (ಪಕ್ಕದಲ್ಲಿ ನಿಂತು ಕೇಳಿದರೆ ನಮ್ಮ ನಾದಸ್ವರವೂ 55 ದಾಟುತ್ತೆ, ಅದು ಬೇರೆ ಮಾತು.) ಆದರೆ ಡಿಜೆ ಅಂದ ತಕ್ಷಣ 'ಹಾಳಾದ ಯುವಜನ' ಅಂತ ಮೂಗು ಮುರಿಯುವವರಿಗೆ ಒಂದು ಮಾತು.

ನಮ್ಮ ಕೇರಿಗೆ ಡಿಜೆ ಬಂದಾಗ ಅದು ಬಿಡುಗಡೆ ಥರ ಇತ್ತು. ಮೊದಲು ಊರಿನ ಯಾವುದೇ ಮೆರವಣಿಗೆ ಆಗಲಿ, ಕುಣಿಯುವವರು ಅವರು, ನುಡಿಸುವವರು ನಾವು. ತಮಟೆ ಒಂದು ಕೇರಿಯಿಂದ, ಓಲಗ ಇನ್ನೊಂದು ಕೇರಿಯಿಂದ. ಡಿಜೆ ಬಂತು, ನುಡಿಸೋ ಕೆಲಸ ಯಂತ್ರಕ್ಕೆ ಹೋಯ್ತು. ಬಾಡಿಗೆ ಕೊಟ್ಟರೆ ಯಾರ ಬೀದಿಗಾದರೂ ಬರುತ್ತೆ. ಏಪ್ರಿಲ್ 14ಕ್ಕೆ ಅದೇ ಬಾಕ್ಸುಗಳ ಮುಂದೆ ನಮ್ಮ ಹುಡುಗರು ತಮಗಾಗಿ, ತಮ್ಮ ಬಾಬಾಸಾಹೇಬರಿಗಾಗಿ ಕುಣಿದರು. ಬೇರೆಯವರ ದೇವರ ಮುಂದೆ ಬರಿಗಾಲಲ್ಲಿ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಊದಿದವರ ಮಕ್ಕಳು ಇವರು. ಆ ಸಂತೋಷ ಗೊತ್ತಿಲ್ಲದವರು 'ದೇಸಿ ವಾದ್ಯಕ್ಕೆ ಮರಳಿ' ಅಂತ ಸಲೀಸಾಗಿ ಹೇಳಿಬಿಡ್ತಾರೆ. ಮರಳಬೇಕಾದವರು ಯಾರು? ಹೇಳುವವರಂತೂ ಅಲ್ಲ.

ಇನ್ನು ದೇವಸ್ಥಾನಗಳು. ಎಷ್ಟೋ ಗುಡಿಗಳಲ್ಲಿ ಮಹಾಮಂಗಳಾರತಿ ಹೊತ್ತಿಗೆ ಸ್ವಿಚ್ ಒತ್ತಿದರೆ ನಗಾರಿ, ಜಾಗಟೆ, ಗಂಟೆ ಒಟ್ಟಿಗೆ ಬಡಿಯೋ ಕರೆಂಟಿನ ಯಂತ್ರ ನಿಂತಿದೆ. ಸಂಬಳ ಕೇಳಲ್ಲ, ರಜೆ ಹಾಕಲ್ಲ. ಸಂಸ್ಕೃತಿ ಉಳಿಸೋ ಹೊಣೆ ಮೆರವಣಿಗೆಯ ಹುಡುಗರ ಮೇಲೆ ಮಾತ್ರ, ಗುಡಿಯ ಆಡಳಿತದ ಮೇಲೆ ಇಲ್ಲ ಅನ್ನೋದು ಯಾವ ನ್ಯಾಯ?

ಸರ್ಕಾರದ ಕಣ್ಣಿಗೆ ಈ ಕೆಲಸ ಹೇಗೆ ಕಾಣುತ್ತೆ ಅಂತ ನೋಡಿದರೆ ಇನ್ನೂ ಸ್ಪಷ್ಟವಾಗುತ್ತೆ. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ತಂತು. 18 ಕಸುಬುಗಳು. ಪರಿಕರ ಕೊಳ್ಳೋಕೆ 15,000 ರೂಪಾಯಿ, ಕಡಿಮೆ ಬಡ್ಡಿಗೆ ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲ. ಪಟ್ಟಿಯಲ್ಲಿ ಬುಟ್ಟಿ, ಚಾಪೆ ಹೆಣೆಯುವವರಿದ್ದಾರೆ. ಕ್ಷೌರಿಕರಿದ್ದಾರೆ. ಹಳೇ ಮೈಸೂರು ಭಾಗದಲ್ಲಿ ನಾದಸ್ವರ ಊದುವ ಮನೆಗಳು ಹೆಚ್ಚಾಗಿ ಇವೇ ಸಮುದಾಯಗಳವು, ನಮ್ಮ ಕೊರಮರು, ಸವಿತಾ ಸಮಾಜದವರು. ಅದೇ ಮನೆಯ ಕತ್ತರಿಗೆ ಟೂಲ್‌ಕಿಟ್ ಇದೆ, ಅದೇ ಮನೆಯ ಬಿದಿರು ಸೀಳೋ ಕತ್ತಿಗೆ ಇದೆ, ಗೋಡೆಗೆ ನೇತುಹಾಕಿದ ನಾದಸ್ವರಕ್ಕಿಲ್ಲ. ಊದುವವರೂ ಆ 18ರಲ್ಲಿಲ್ಲ, ವಾದ್ಯ ಮಾಡುವವರೂ ಇಲ್ಲ. ಕಲೆ ಅಂತ ಕರೆದರೆ ಅದು ಕಸುಬಲ್ಲ, ಕಸುಬು ಅಂತ ಕರೆದರೆ ಕಲೆಯಲ್ಲ. ವಯಸ್ಸಾದ ಮೇಲೆ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಬಹುದು, ಸರಿ. ಇಪ್ಪತ್ತು ವರ್ಷದ ಹುಡುಗ ಏನು ಮಾಡಬೇಕು?

ಅಟ್ಟದ ಯಜಮಾನ

ಸಮಿತಿಯ ಫೋನಿನ ವಿಷಯ ಮಕ್ಕಳ ಮುಂದಿಟ್ಟೆ. ಅವರು ಹೇಳಿದ ಮೊತ್ತ ಸಣ್ಣದಲ್ಲ. ಆ ದುಡ್ಡಲ್ಲಿ ಎರಡು ಕ್ಲಾರಿನೆಟ್ ರಿಪೇರಿ ಮಾಡಿಸಬಹುದಿತ್ತು. ಮಕ್ಕಳಲ್ಲಿ ಉತ್ಸಾಹ. ಮನೆಗಳಲ್ಲಿ ಇರಲಿಲ್ಲ.

ಬ್ಯಾಂಕ್ ನೌಕರರ ಮನೆಯಿಂದ ಬಂದ ಉತ್ತರ: ಸ್ಟೇಜ್ ಪ್ರೋಗ್ರಾಮ್ ಆದರೆ ಕಳಿಸ್ತೀವಿ, ಬೀದಿಯಲ್ಲಿ ಊದ್ಕೊಂಡು ಹೋಗೋದು ಬೇಡ. ಇದು ನಿರೀಕ್ಷಿಸಿದ್ದೇ. ನಾನು ನಿರೀಕ್ಷಿಸದೇ ಇದ್ದದ್ದು ನಾದಸ್ವರದ ಹುಡುಗನ ಅಪ್ಪನ ಬಾಯಲ್ಲೂ ಅದೇ ಮಾತು ಬಂದದ್ದು.

ಅವರ ಮನೆಗೇ ಹೋದೆ. ನಾನು ಅವರನ್ನ ಮಾವ ಅಂತೀನಿ. ಗಾರೆ ಕೆಲಸಕ್ಕೆ ಹೋಗ್ತಾರೆ. ಕಾಫಿ ಕೊಟ್ಟು, ತುಂಬ ಹೊತ್ತು ಸುಮ್ಮನಿದ್ದು ಹೇಳಿದರು: "ನೋಡಪ್ಪ, ಅವ್ನು ಊದ್ಲಿ, ನಂಗೇನ್ ಬ್ಯಾಡಂತಿಲ್ಲ. ನಿಮ್ ಭವನದಾಗೆ ಊದ್ಲಿ, ಸ್ಟೇಜ್ ಮ್ಯಾಗೆ ಕುಂತ್ಕಂಡು ಊದ್ಲಿ. ಅವ್ರ್ ಮುಂದೆ ನಡ್ಕಂಡು ಊದಾದ್ ಬ್ಯಾಡ. ಅದ್ನ ಬಿಡಕ್ಕೇ ನಾನು ಅದ್ನ ಅಟ್ಟಕ್ಕಾಕಿದ್ದು."

ಒಂದೇ ವಾದ್ಯದ ಬಗ್ಗೆ ಎರಡು ಮನೆಗಳು ಒಂದೇ ವಾಕ್ಯ ಹೇಳಿದವು. ಒಂದು ಮನೆಗೆ ಬೀದಿ ಅಂದರೆ ಇಳಿಯೋದು. ಇನ್ನೊಂದು ಮನೆಗೆ, ಎದ್ದು ಬಂದ ಜಾಗಕ್ಕೆ ವಾಪಸ್ ಹೋಗೋದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕೆ ನನ್ನಿಂದಾಗಲ್ಲ.

ಅದೇ ತಿಂಗಳು ಬೆಂಗಳೂರಿನಲ್ಲಿ ಒಳಮೀಸಲಾತಿ ತೀರ್ಮಾನ ಆಗ್ತಿತ್ತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಪರಿಶಿಷ್ಟ ಜಾತಿಗಳ ಒಳವರ್ಗೀಕರಣಕ್ಕೆ ಒಪ್ಪಿಗೆ ಕೊಟ್ಟಿತ್ತು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ವರದಿ ಬಂದ ಮೇಲೆ, 2025ರ ಆಗಸ್ಟ್ 19ರಂದು ಸಂಪುಟ ಶೇ 17ನ್ನು 6, 6, 5 ಅಂತ ಹಂಚಿತು. ಲಂಬಾಣಿ, ಭೋವಿ, ಕೊರಮ, ಕೊರಚರ ಜೊತೆ 59 ಅಲೆಮಾರಿ ಸಮುದಾಯಗಳನ್ನೂ ಆ ಕೊನೆಯ ಶೇ 5ರಲ್ಲೇ ಸೇರಿಸಿತು. ಅಲೆಮಾರಿಗಳು ಬೀದಿಗಿಳಿದರು, ಅವರ ಸಿಟ್ಟಿನಲ್ಲಿ ಅರ್ಥವಿದೆ. ಮಾವ ಆ ಸುದ್ದಿಯನ್ನ ಮೊಬೈಲಿನಲ್ಲಿ ಎರಡೆರಡು ಸಲ ನೋಡ್ತಿದ್ದರು. ಮಗ ಪಿಯುಸಿ. ಮುಂದೆ ಏನಾದರೂ ಸರ್ಕಾರಿ ಕೆಲಸ, ಕ್ಲಾರಿನೆಟ್ಟೂ ಕಲಿತರೆ ಮೀಸಲು ಪೊಲೀಸ್ ಪಡೆಯಲ್ಲಿ ಬ್ಯಾಂಡ್ಸ್‌ಮನ್ ಆದರೂ ಆಗಬಹುದು ಅನ್ನೋ ಲೆಕ್ಕ. ಆ ಲೆಕ್ಕದಲ್ಲಿ ಗಣೇಶನ ಮುಂದಿನ ಓಲಗಕ್ಕೆ ಜಾಗವಿಲ್ಲ.

ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯ್ತಲ್ಲ, ಗಣತಿಗೆ ಬಂದ ಶಿಕ್ಷಕರು ಅವರ ಮನೆಯಲ್ಲಿ ಕೂತಿದ್ದಾಗ ನಾನೂ ಅಲ್ಲಿದ್ದೆ. ಕುಲಕಸುಬು ಯಾವುದು? "ಬುಟ್ಟಿ, ಓಲಗ." ಮುಂದುವರಿಸ್ತಿದ್ದೀರಾ? "ಇಲ್ಲ." ಒಳಗಿನ ಕೋಣೆಯಲ್ಲಿ ಹುಡುಗ ಸರಳೆ ಊದ್ತಿದ್ದ. ಶಿಕ್ಷಕರು ಒಂದು ಕ್ಷಣ ಆ ಕಡೆ ನೋಡಿದರು. ಮಾವ ಮತ್ತೆ ಹೇಳಿದರು, "ಇಲ್ಲ ಅಂತ್ಲೇ ಬರ್ಕಳಿ ಸಾ." ಅವರು ಸುಳ್ಳು ಹೇಳಲಿಲ್ಲ. ಕುಲಕಸುಬು ನಿಂತಿತ್ತು. ಒಳಗೆ ನಡೀತಿದ್ದದ್ದು ಬೇರೆ ಏನೋ.

ಆ 'ಬೇರೆ ಏನೋ' ಉಳಿಯಬೇಕಾದರೆ ಏನು ಬೇಕು ಅನ್ನೋದು ನನಗೆ ಈಗ ಹೆಚ್ಚು ಸ್ಪಷ್ಟ. ಉಳಿಸಿ ಉಳಿಸಿ ಅಂತ ಒಂದೇ ಜಾತಿಯ ಮಕ್ಕಳ ಹೆಗಲಿಗೆ ಹೊರಿಸೋದು ನಿಲ್ಲಬೇಕು. ತಾಲ್ಲೂಕಿಗೊಂದು ಕಡೆ ಸರ್ಕಾರಿ ಶಾಲೆಯಲ್ಲಿ ಎರವಲು ಕೊಡೋ ವಾದ್ಯಗಳಿರಲಿ, ನಾದಸ್ವರ, ಮುಖವೀಣೆ, ಕ್ಲಾರಿನೆಟ್ ಎಲ್ಲ. ಒಬ್ಬೊಬ್ಬ ಮಗುವಿಗೂ ಅದರದೇ ರೀಡ್. ಕಲಿಸೋಕೆ ಮಾವನಂಥವರನ್ನ ಅತಿಥಿ ಶಿಕ್ಷಕರಾಗಿ ಸಂಬಳ ಕೊಟ್ಟು ಕರೀರಿ, ಡಿಗ್ರಿ ಕೇಳಬೇಡಿ. ಎದುರಿಗೆ ಎಲ್ಲ ಕೇರಿಯ ಮಕ್ಕಳೂ ಕೂತಿರಲಿ. ಮುಜರಾಯಿ ಗುಡಿಗಳಲ್ಲಿ ಆದಾಯ ಚೆನ್ನಾಗಿರುವ ಕಡೆಯಾದರೂ ಆ ಬಡಿಯೋ ಯಂತ್ರ ತೆಗೆದು ತಿಂಗಳ ಸಂಬಳಕ್ಕೆ ಇಬ್ಬರು ಊದುವವರನ್ನ ನೇಮಿಸಿ, ಹುದ್ದೆಗೆ ಯಾವ ಜಾತಿಯವರಾದರೂ ಅರ್ಜಿ ಹಾಕಲಿ. ಹತ್ತು ಬೇರೆ ಬೇರೆ ಮನೆಯ ಮಕ್ಕಳು ನಾದಸ್ವರ ಬಾಯಿಗಿಟ್ಟ ದಿನ ಅದು ಮಾವನ ಮಗನ ಪಾಲಿಗೂ ಬರೀ ವಾದ್ಯ ಆಗುತ್ತೆ. ಅಲ್ಲಿಯವರೆಗೆ ಅದು ಗುರುತಿನ ಚೀಟಿ.

ಇದು ರೊಮ್ಯಾಂಟಿಕ್ ಅಂತ ಅನ್ನಿಸಬಹುದು. ಒಪ್ಪಿಕೊಳ್ತೀನಿ, ಹನ್ನೆರಡು ಮಕ್ಕಳಲ್ಲೇ ನನಗೆ ಅದು ಪೂರ್ತಿ ಸಾಧ್ಯವಾಗಿಲ್ಲ.

ಸಮಿತಿಗೆ ನಾವು ಕೊನೆಗೆ ಒಂದು ಪತ್ರ ಬರೆದೆವು. ಮಕ್ಕಳೇ ಕೂತು ಬರೆದದ್ದು. ನಾವು ಮೆರವಣಿಗೆಯ ಮುಂದೆ ನಡೆಯಲ್ಲ, ಪೆಂಡಾಲಿನ ವೇದಿಕೆ ಮೇಲೆ ಕೂತು ನುಡಿಸ್ತೀವಿ. ಎಲ್ಲರ ಜೊತೆ ಅದೇ ಪಂಕ್ತಿಯಲ್ಲಿ ಊಟ. ಚಪ್ಪಲಿ ತೆಗೆಸೋ ಹಾಗಿಲ್ಲ. ಅರ್ಧ ದುಡ್ಡು ಮುಂಗಡ. ಬ್ಯಾನರಿನಲ್ಲಿ ಗುಂಪಿನ ಹೆಸರು ಇರಬೇಕು, 'ಓಲಗದವರು' ಅಂತಲ್ಲ. ಸಮಿತಿಯ ಹಿರಿಯರು ಫೋನ್ ಮಾಡಿ ಬೇಸರದಿಂದಲೇ ಮಾತಾಡಿದರು. "ದೇವ್ರ್ ಕೆಲ್ಸ ಅಲ್ವೇನಪ್ಪಾ, ಇಷ್ಟೆಲ್ಲ ಕಂಡೀಷನ್ ಹಾಕ್ತಾರಾ? ಪೆಂಡಾಲಲ್ಲಿ ಕೂತ್ಕೊಂಡು ನುಡಿಸಿದ್ರೆ ಮೆರವಣಿಗೇಲಿ ಏನ್ ಮಾಡೋದು?" ಒರಟಾಗಿ ಮಾತಾಡಲಿಲ್ಲ, ಅದನ್ನೂ ಹೇಳಬೇಕು. ಮೆರವಣಿಗೆಗೆ ನಾಸಿಕ್ ಡೋಲ್ ತಂಡ ಬಂತು.

ನಮ್ಮ ಹನ್ನೊಂದು ನಿಮಿಷದ ಮೋಹನ ಮೊದಲ ಸಲ ಜನರ ಮುಂದೆ ಬಂದಿದ್ದು ನವೆಂಬರ್ 1ರಂದು, ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ. ಎರಡು ಭಾಷಣಗಳ ನಡುವೆ ಎಂಟು ನಿಮಿಷ ಕೊಟ್ಟರು, ನಡುವಿನ ಒಂದು ಸುತ್ತು ಕತ್ತರಿಸಿದೆವು. ಮೈಕಿನವನು ಕ್ಲಾರಿನೆಟ್ಟುಗಳಿಗೆ ಮೈಕ್ ಇಡೋದು ಮರೆತಿದ್ದ. ಹಾಗಾಗಿ ಹಿಂದಿನ ಸಾಲಿನವರಿಗೆ ಕೊಳಲು ಬಿಟ್ಟರೆ ಹೆಚ್ಚೇನೂ ಕೇಳಿಸಿರಲಿಕ್ಕಿಲ್ಲ, ನಾದಸ್ವರ ಬರುವವರೆಗೆ. ಅದು ಮೈದಾನದ ಗೇಟಿನ ಹತ್ತಿರದಿಂದ ಶುರುವಾದಾಗ ಕುರ್ಚಿಯಲ್ಲಿದ್ದವರೆಲ್ಲ ಹಿಂದೆ ತಿರುಗಿ ನೋಡಿದರು.

ಗೇಟಿನ ಆಚೆ, ಕೆಲಸದ ಬಟ್ಟೆಯಲ್ಲೇ, ಮಾವ ನಿಂತಿದ್ದರು. ಮುಗಿದ ಮೇಲೆ ಒಳಗೆ ಬಂದು ಮಗನ ಕೈಯಿಂದ ವಾದ್ಯ ತಗೊಂಡು, ಸೀವಾಳಿ ಬಿಚ್ಚಿ, ಬಟ್ಟೆ ಸುತ್ತಿದರು. ನನಗೆ ಹೇಳಿದ್ದು ಇಷ್ಟು: "ಎರಡ್ನೇ ಸುತ್ತಲ್ಲಿ ದೈವತ ಹಿಡೀಬೇಕಿತ್ತು. ಓಡುಸ್ಬುಟ್ಟ." ನಾನು ಬರೆದ ಕಾಗದದಲ್ಲಿ ಆ ದೈವತಕ್ಕೆ ಅರ್ಧ ಆವರ್ತನ ಇತ್ತು. ಈಗ ಒಂದೂವರೆ ಮಾಡಿದ್ದೀನಿ.

ನಾದಸ್ವರ ಮತ್ತೆ ಅವರ ಅಟ್ಟದ ಮೇಲಿದೆ. ಸ್ಟೇಜಿಗೆ ಬೇಕಾದಾಗ ಬಂದು ತಗೊಂಡ್ಹೋಗು ಅಂದಿದ್ದಾರೆ. ಭಾನುವಾರ ಬಂದು ಮಕ್ಕಳಿಗೆ ಒಂದು ಗಂಟೆ ಹೇಳಿಕೊಡಿ ಅಂತ ಕೇಳಿದ್ದೀನಿ, ಉತ್ತರ ಇನ್ನೂ ಬಂದಿಲ್ಲ.